ಅಮ್ಮನ ಅರ್ಧ ಮಾತ್ರೆಗಳು

ರಾತ್ರಿ ಮೂರೂವರೆಗೆ ನರ್ಸ್ ಭುಜ ಅಲುಗಾಡಿಸಿ ಎಬ್ಬಿಸಿದರು. ಅಮ್ಮನ ಮಂಚದ ಪಕ್ಕದ ಕುರ್ಚಿಯಲ್ಲೇ ನನಗೆ ನಿದ್ದೆ ಹತ್ತಿತ್ತು. ಎದ್ದು ನೋಡಿದರೆ ಅಮ್ಮನ ಹಣೆ, ಕುತ್ತಿಗೆ, ದಿಂಬು ಎಲ್ಲ ಬೆವರಿನಿಂದ ಒದ್ದೆ. ಕೈ ನಡುಗುತ್ತಿತ್ತು. ನನ್ನನ್ನು ನೋಡಿ ಚಿಕ್ಕಮ್ಮನ ಹೆಸರು ಹಿಡಿದು ಕರೆದಳು. ನರ್ಸ್ ಬೆರಳು ಚುಚ್ಚಿ ರಕ್ತದ ಹನಿಯನ್ನು ಸ್ಟ್ರಿಪ್‌ಗೆ ಮುಟ್ಟಿಸಿದರು. ಐದು ಸೆಕೆಂಡ್. ಮೀಟರಿನಲ್ಲಿ 48 ಬಂತು.

ಶುಗರ್ 70ಕ್ಕಿಂತ ಇಳಿದರೆ ಅದು ಲೋ. 54ಕ್ಕಿಂತ ಇಳಿದರೆ ಅಪಾಯ. ಮಿದುಳಿಗೆ ಬೇಕಾದಷ್ಟು ಗ್ಲೂಕೋಸ್ ಸಿಗುವುದಿಲ್ಲ. ಮಾತು ತಪ್ಪುತ್ತದೆ, ಎದುರಿಗೆ ಇರುವವರ ಗುರುತು ಹತ್ತುವುದಿಲ್ಲ. ಕೈಗೆ ಹಾಕಿದ್ದ ಡ್ರಿಪ್ ಸೂಜಿಯಿಂದಲೇ ಗ್ಲೂಕೋಸ್ ಕೊಟ್ಟರು. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿದಾಗ 96. ಅಮ್ಮ ಕಣ್ಣು ಬಿಟ್ಟು, "ಯಾಕೆ ಎಲ್ಲರೂ ನಿಂತಿದ್ದೀರಿ?" ಅಂತ ಕೇಳಿದಳು. ಉತ್ತರ ಕೊಡಲು ನನ್ನ ಗಂಟಲಿನಿಂದ ಮಾತೇ ಹೊರಡಲಿಲ್ಲ.

ಅಮ್ಮನಿಗೆ ಶುಗರ್ ಬಂದು 14 ವರ್ಷ. ಆಸ್ಪತ್ರೆಗೆ ಸೇರಿಸಿದ್ದು ಮೂತ್ರದ ಸೋಂಕಿಗೆ, ಚಳಿಜ್ವರಕ್ಕೆ. ಸೇರಿಸುವಾಗ ಡ್ಯೂಟಿ ಡಾಕ್ಟರ್ ಹಳೇ ಚೀಟಿ ನೋಡಿ, "ಇದನ್ನೆಲ್ಲ ದಿನಾ ತಗೊಳ್ತಾರಾ?" ಅಂತ ಕೇಳಿದ್ದರು. ನಾನೇ ಮುಂದೆ ಬಿದ್ದು ಹೇಳಿದೆ: "ಹೌದು ಡಾಕ್ಟ್ರೇ, ಒಂದು ದಿನವೂ ತಪ್ಪಿಸಲ್ಲ." ಹೆಮ್ಮೆಯಿಂದಲೇ ಹೇಳಿದೆ. ಅಮ್ಮ ಮಂಚದ ಮೇಲೆ ಮಲಗಿ ಸುಮ್ಮನೆ ಸೀಲಿಂಗ್ ನೋಡುತ್ತಿದ್ದಳು. ಜ್ವರದ ಸುಸ್ತು ಅಂದುಕೊಂಡೆ.

ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ ಕೊಟ್ಟರು. ಗ್ಲಿಮೆಪಿರೈಡ್ 2 ಮಿ.ಗ್ರಾಂ ಬೆಳಿಗ್ಗೆ, 2 ಮಿ.ಗ್ರಾಂ ರಾತ್ರಿ. ಜೊತೆಗೆ ಇನ್ನೆರಡು ಬಗೆಯ ಶುಗರ್ ಮಾತ್ರೆ. ಜ್ವರದ ಬಾಯಿಗೆ ಅಮ್ಮ ಎರಡು ತುತ್ತು ಕೂಡ ಸರಿಯಾಗಿ ತಿಂದಿರಲಿಲ್ಲ. ಮಾತ್ರೆ ಮಾತ್ರ ಪೂರ್ತಿ ಒಳಗೆ ಹೋಗಿತ್ತು. ಗ್ಲಿಮೆಪಿರೈಡ್ ಕೆಲಸ ಏನೆಂದರೆ, ಮೇದೋಜೀರಕ ಗ್ರಂಥಿಯನ್ನು ಒತ್ತಾಯ ಮಾಡಿ ಇನ್ಸುಲಿನ್ ಬಿಡಿಸುವುದು. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಅದರ ಪ್ರಭಾವ ಬೇಗ ಇಳಿಯುವುದೂ ಇಲ್ಲ. ಹಾಗಾಗಿ ಮಾರನೇ ದಿನ ಪೂರ್ತಿ ಎರಡು ಗಂಟೆಗೊಮ್ಮೆ ಬೆರಳು ಚುಚ್ಚುತ್ತಲೇ ಇದ್ದರು.

ಬೆಳಿಗ್ಗೆ ರೌಂಡ್ಸ್‌ಗೆ ಬಂದ ದೊಡ್ಡ ಡಾಕ್ಟರ್ ಚಾರ್ಟ್ ನೋಡಿ ಅಮ್ಮನನ್ನೇ ಕೇಳಿದರು. "ಅಮ್ಮಾ, ಮನೆಯಲ್ಲಿ ನಿಜವಾಗಲೂ ಇಷ್ಟು ಮಾತ್ರೆ ತಗೊಳ್ತಿದ್ರಾ?"

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ "ಇಲ್ಲ" ಅಂದಳು.

ಬಟ್ಟೆ ತರಲು ಮನೆಗೆ ಹೋದಾಗ ಬೀರುವಿನಲ್ಲಿ ಅದು ಸಿಕ್ಕಿತು. ಹೊಲಿಗೆ ದಾರ ಇಡುವ ಪ್ಲಾಸ್ಟಿಕ್ ಡಬ್ಬಿ. ಬೆಡ್‌ಶೀಟುಗಳ ಕೆಳಗೆ ಇತ್ತು. ಮುಚ್ಚಳ ತೆಗೆದರೆ ದಾರದ ಉಂಡೆ ಒಂದೂ ಇಲ್ಲ. ಅರ್ಧ ಅರ್ಧ ಮಾತ್ರೆಗಳು. ಒಂದು ಖಾನೆಯಲ್ಲಿ ದೊಡ್ಡ ಬಿಳಿ ತುಂಡುಗಳು, ಇನ್ನೊಂದರಲ್ಲಿ ಸಣ್ಣ ಹಸಿರು ತುಂಡುಗಳು. ಅಂಚು ಒರಟಾಗಿ ಮುರಿದದ್ದು, ಕೆಲವು ಮೂರು ಚೂರು ಆಗಿದ್ದು. ತಳದಲ್ಲಿ ಬಿಳಿ ಪುಡಿ. ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಬ್ಲೇಡು. ಆ ಪುಡಿಯನ್ನು ಕೂಡ ಅಮ್ಮ ಎಸೆದಿರಲಿಲ್ಲ.

ಡಬ್ಬಿಯ ಕೆಳಗೆ ಒಂದು ಪಾಕೆಟ್ ಕ್ಯಾಲೆಂಡರ್. ಪ್ರತಿ ತಾರೀಖಿನ ಮೇಲೂ ಪೆನ್ಸಿಲ್ ಗುರುತು. ಕೆಲವು ದಿನ ಪೂರ್ತಿ ಸೊನ್ನೆ, ಕೆಲವು ದಿನ ಅರ್ಧ ಸೊನ್ನೆ, ಕೆಲವು ದಿನ ಬರೀ ಚುಕ್ಕೆ. ಸೊನ್ನೆ ಅಂದರೆ ಚೀಟಿಯಲ್ಲಿ ಇದ್ದಷ್ಟು. ಅರ್ಧ ಸೊನ್ನೆ ಅಂದರೆ ಅರ್ಧ. ಚುಕ್ಕೆ ಅಂದರೆ ಏನೂ ಇಲ್ಲ. ನೆಲದ ಮೇಲೆ ಕೂತು ಎಣಿಸಿದೆ. ಒಂದು ತಿಂಗಳಲ್ಲಿ 7 ಸೊನ್ನೆ, 14 ಅರ್ಧ ಸೊನ್ನೆ, 9 ಚುಕ್ಕೆ. ಆ 7 ಸೊನ್ನೆಗಳೂ ಒಂದೇ ಸಾಲಿನಲ್ಲಿ ಇದ್ದವು. ಡಾಕ್ಟರ್ ಹತ್ತಿರ ಹೋಗುವ ಮುಂಚಿನ ಒಂದು ವಾರ. ಹಿಂದಿನ ತಿಂಗಳುಗಳಲ್ಲೂ ಅಷ್ಟೇ. ಭೇಟಿ ಇದ್ದ ತಿಂಗಳು ಒಂದು ವಾರ ಪೂರ್ತಿ ಸೊನ್ನೆ. ಭೇಟಿ ಇಲ್ಲದ ತಿಂಗಳು ಪೂರ್ತಿ ಸೊನ್ನೆ ಒಂದೂ ಇಲ್ಲ.

ಎರಡು ವರ್ಷದಿಂದ ಮನೆಯಲ್ಲಿ ನಡೆಯುತ್ತಿದ್ದ ಲೆಕ್ಕ ಅದು. ಒಂದೇ ಸೂರಿನ ಕೆಳಗೆ ಇದ್ದು ನನಗೆ ಗೊತ್ತಾಗಿರಲಿಲ್ಲ.

ಎರಡು ವರ್ಷದ ಹಿಂದೆ ನನ್ನ ಕೆಲಸ ಬದಲಾಯಿತು. ಮೊದಲು ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಮ್ಮನ ಹೆಸರೂ ಇತ್ತು. ದಿನದ ಔಷಧಿಗೂ ವರ್ಷಕ್ಕೆ ಇಷ್ಟು ಅಂತ ದುಡ್ಡು ಬರುತ್ತಿತ್ತು. ಕೆಲಸ ಕಾಂಟ್ರಾಕ್ಟ್‌ಗೆ ಹೋದ ದಿನವೇ ಅದೂ ಹೋಯಿತು. ಸ್ವಂತವಾಗಿ ಪಾಲಿಸಿ ಮಾಡಿಸಲು ಓಡಾಡಿದೆ. ಫಾರಂನಲ್ಲಿ "ಮೊದಲೇ ಇರುವ ಕಾಯಿಲೆ" ಅನ್ನುವ ಕಾಲಂ ಬಂದ ಕೂಡಲೇ ಎದುರಿಗೆ ಕೂತವರ ಮಾತಿನ ಧಾಟಿಯೇ ಬದಲಾಗುತ್ತಿತ್ತು. ಒಂದು ಕಡೆ ಆಗಲ್ಲ ಅಂದರು. ಇನ್ನೊಂದು ಕಡೆ ಕೊಡುತ್ತೇವೆ, ಆದರೆ ಶುಗರ್‌ಗೆ ಸಂಬಂಧಪಟ್ಟದ್ದಕ್ಕೆ ಕೆಲವು ವರ್ಷ ಕಾಯಬೇಕು ಅಂದರು. ಕಂತು ಕೇಳಿ ನಾನು ಎದ್ದು ಬಂದೆ. ಅದೂ ಆಸ್ಪತ್ರೆಗೆ ಸೇರಿದರೆ ಮಾತ್ರ. ಪ್ರತಿ ತಿಂಗಳ ಮಾತ್ರೆಗೆ, ಸ್ಟ್ರಿಪ್‌ಗೆ, ರಕ್ತ ಪರೀಕ್ಷೆಗೆ ಅದರಿಂದ ಒಂದು ಪೈಸೆಯೂ ಬರುತ್ತಿರಲಿಲ್ಲ. ಶುಗರ್ ಇರುವವರ ದುಡ್ಡು ಕರಗುವುದು ಆಸ್ಪತ್ರೆ ಮಂಚದ ಮೇಲೆ ಅಲ್ಲ, ತಿಂಗಳು ತಿಂಗಳೂ ಔಷಧಿ ಅಂಗಡಿಯ ಕೌಂಟರಿನಲ್ಲಿ. ಇದನ್ನು ಇನ್ಶೂರೆನ್ಸ್ ಮಾಡುವವರು ಯಾಕೆ ಯೋಚಿಸುವುದಿಲ್ಲ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವತ್ತು ಮನೆಗೆ ಬಂದು ಅಮ್ಮನಿಗೆ "ಏನೂ ತೊಂದರೆ ಇಲ್ಲ, ನಾನು ನೋಡ್ಕೋತೀನಿ" ಅಂದಿದ್ದೆ. ಅಮ್ಮ "ಸರಿ" ಅಂದಿದ್ದಳು. ಆ ವಾರದಿಂದಲೇ ಕ್ಯಾಲೆಂಡರ್‌ನಲ್ಲಿ ಅರ್ಧ ಸೊನ್ನೆ ಶುರು.

ಆಸ್ಪತ್ರೆಯಲ್ಲಿ ಡಬ್ಬಿ ತೋರಿಸಿ ಕೇಳಿದಾಗ ಅಮ್ಮ ಮೊದಲು ಮಾತಾಡಲಿಲ್ಲ. ನಾನು, "ಮರೆತು ಹೋಗ್ತಿತ್ತಾ? ಹೇಳಿದ್ದರೆ ಫೋನಿನಲ್ಲಿ ಅಲಾರಂ ಇಡ್ತಿದ್ದೆನಲ್ಲ" ಅಂದೆ. ಅದಕ್ಕೆ ಅಮ್ಮನಿಗೆ ಸಿಟ್ಟೇ ಬಂತು. "ಮರೆಯೋಕೆ ನನಗೇನು ಅರಳುಮರಳಾ? ಒಂದೊಂದು ಮಾತ್ರೇನೂ ಎಣಿಸಿ ಇಟ್ಟಿದ್ದೀನಿ ಕಣೇ. ಹತ್ತು ದಿನದ್ದು ಇಪ್ಪತ್ತು ದಿನ ಬರಬೇಕಲ್ಲ."

ವೈದ್ಯರು ಬರೆದುಕೊಟ್ಟ ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳದವರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಒಂದು ದೊಡ್ಡ ವರದಿ ಮಾಡಿದೆ. ಶ್ರೀಮಂತ ದೇಶಗಳಲ್ಲೇ, ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸರಾಸರಿ ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತೆಗೆದುಕೊಳ್ಳುತ್ತಾರೆ ಅಂತ ಅದರಲ್ಲಿದೆ. ಬಡ ದೇಶಗಳಲ್ಲಿ ಇನ್ನೂ ಕಡಿಮೆ. ಕಾರಣ ರೋಗಿಯ ಮೇಲಷ್ಟೇ ಹೊರಿಸಬೇಡಿ, ದುಡ್ಡು, ಆಸ್ಪತ್ರೆಯ ವ್ಯವಸ್ಥೆ, ಔಷಧಿಯ ಕಿರಿಕಿರಿ ಎಲ್ಲವೂ ಸೇರಿದೆ ಅಂತಲೂ ಅದೇ ವರದಿ ಹೇಳುತ್ತದೆ. ಆದರೂ ನಾವು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ "ಕಟ್ಟುನಿಟ್ಟಾಗಿ ಇರಲ್ಲ" ಅಂದುಬಿಡುತ್ತೇವೆ. ಅಮ್ಮನಷ್ಟು ಕಟ್ಟುನಿಟ್ಟಿನ ಮನುಷ್ಯರನ್ನು ನಾನು ನೋಡಿಲ್ಲ. ಮರೆಯುವವರಿಗೆ ಅಲಾರಂ ಬೇಕು. ಎಣಿಸಿ ಬಿಡುವವರಿಗೆ ಅಲಾರಂ ಇಟ್ಟು ಏನು ಮಾಡೋದು?

ಈ ಬರಹ ಬರೆಯಲು ಕೂತದ್ದು ಒಂದೇ ಕಾರಣಕ್ಕೆ. ಅರ್ಧ ಮಾತ್ರೆ ತೆಗೆದುಕೊಳ್ಳುವುದಕ್ಕಿಂತ ಅದನ್ನು ಮುಚ್ಚಿಡುವುದು ಹೆಚ್ಚು ಅಪಾಯ. ನಮ್ಮ ಮನೆಯಲ್ಲಿ ಅದು ಹೇಗೆ ನಡೆಯಿತು ಅಂತ ಹೇಳುತ್ತೇನೆ.

ಭೇಟಿಯ ಮುಂಚಿನ ವಾರ ಅಮ್ಮ ಪೂರ್ತಿ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಪಥ್ಯವನ್ನೂ ಬಿಗಿ ಮಾಡುತ್ತಿದ್ದಳು. ಹಾಗಾಗಿ ಖಾಲಿ ಹೊಟ್ಟೆಯ ಶುಗರ್ 130ರ ಆಸುಪಾಸು ಬರುತ್ತಿತ್ತು. ಆದರೆ ಎಚ್‌ಬಿಎ1ಸಿ ಅನ್ನುವ ಪರೀಕ್ಷೆ ಇದೆಯಲ್ಲ, ಅದರ ಮುಂದೆ ಒಂದು ವಾರದ ಪಥ್ಯ ನಡೆಯುವುದಿಲ್ಲ. ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ರಕ್ತದಲ್ಲಿ ಎಷ್ಟು ಸಕ್ಕರೆ ಇತ್ತೋ ಅಷ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಎರಡು ಮೂರು ತಿಂಗಳ ಒಟ್ಟು ಲೆಕ್ಕ ಅದರಲ್ಲಿ ಬರುತ್ತದೆ. ಅಮ್ಮನದು 9.4 ಇತ್ತು, ಅಂದರೆ ತುಂಬ ಜಾಸ್ತಿ.

ಡಾಕ್ಟರ್ ಏನು ಮಾಡಬೇಕು? ಇಷ್ಟು ಮಾತ್ರೆ ಕೊಟ್ಟರೂ 9.4 ಅಂದರೆ ಮಾತ್ರೆ ಸಾಲುತ್ತಿಲ್ಲ ಅಂದುಕೊಂಡರು. ಗ್ಲಿಮೆಪಿರೈಡ್ 1ರಿಂದ 2 ಮಾಡಿದರು. ಮುಂದಿನ ಸಲ ರಾತ್ರಿಗೂ ಸೇರಿಸಿದರು. ಅದಾದ ಮೇಲೆ ಹೊಸದೊಂದು ಮಾತ್ರೆ ಬಂತು, ಅದು ಎಲ್ಲಕ್ಕಿಂತ ದುಬಾರಿ. ಚೀಟಿ ಉದ್ದ ಆದ ಹಾಗೆ ಖರ್ಚು ಜಾಸ್ತಿ. ಖರ್ಚು ಜಾಸ್ತಿ ಆದ ಹಾಗೆ ಅಮ್ಮ ಇನ್ನಷ್ಟು ಚುಕ್ಕೆ ಹಾಕಿದಳು. ಶುಗರ್ ಮತ್ತೆ ಏರಿತು. ಕಾಗದದ ಮೇಲಿನ ಅಮ್ಮನೇ ಬೇರೆ, ಮನೆಯಲ್ಲಿರುವ ಅಮ್ಮನೇ ಬೇರೆ ಆಗಿಬಿಟ್ಟರು. ಆಸ್ಪತ್ರೆಯಲ್ಲಿ ಆ ರಾತ್ರಿ ಕಾಗದದ ಮೇಲಿನ ಅಮ್ಮನ ಔಷಧಿಯನ್ನು ನನ್ನ ಅಮ್ಮನಿಗೆ ಕೊಟ್ಟರು. ನಾನು "ಒಂದು ದಿನವೂ ತಪ್ಪಿಸಲ್ಲ" ಅಂದ ಮಾತಿನ ಮೇಲೆ ಕೊಟ್ಟರು.

ಇನ್ನೊಂದು ವಿಷಯ. ಅರ್ಧ ಮಾಡುವುದು ಎಲ್ಲ ಮಾತ್ರೆಗೂ ಒಂದೇ ಅಲ್ಲ. ಇದು ನನಗೆ ಆಮೇಲೆ ಗೊತ್ತಾದದ್ದು.

ಅಮ್ಮನ ದೊಡ್ಡ ಬಿಳಿ ಮಾತ್ರೆ ಮೆಟ್‌ಫಾರ್ಮಿನ್. ಅಮ್ಮನಿಗೆ ಇರುವಂಥ, ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಶುಗರ್‌ಗೆ ಪ್ರಪಂಚದಲ್ಲಿ ಸಾಮಾನ್ಯವಾಗಿ ಮೊದಲು ಬರೆಯುವ ಮಾತ್ರೆ. ಲಿವರ್ ತಾನಾಗಿ ತಯಾರಿಸುವ ಸಕ್ಕರೆಯನ್ನು ಇದು ಕಡಿಮೆ ಮಾಡುತ್ತದೆ. ಫ್ರಾನ್ಸ್‌ನ ವೈದ್ಯ ಜಾನ್ ಸ್ಟರ್ನ್ 1957ರಲ್ಲೇ ಇದರ ಬಗ್ಗೆ ಬರೆದಿದ್ದರು. ಇಷ್ಟು ಹಳೆಯದಾದ್ದರಿಂದ ಪೇಟೆಂಟ್ ಯಾವತ್ತೋ ಮುಗಿದಿದೆ, ಬೇರೆ ಶುಗರ್ ಮಾತ್ರೆಗಳಿಗೆ ಹೋಲಿಸಿದರೆ ಅಗ್ಗ. ಅಮ್ಮನ ಚೀಟಿಯಲ್ಲಿ ಇದ್ದದ್ದು ಅದರ ಎಸ್‌ಆರ್ ಬಗೆ. ಅಂದರೆ ಹೊಟ್ಟೆಯೊಳಗೆ ಗಂಟೆಗಟ್ಟಲೆ ನಿಧಾನವಾಗಿ ಔಷಧಿ ಬಿಡುವ ಮಾತ್ರೆ. ಅದನ್ನು ಬ್ಲೇಡಿನಲ್ಲಿ ಚೂರು ಮಾಡಿದರೆ ನಿಧಾನ ಅನ್ನುವುದೇ ಕೆಡುತ್ತದೆ, ಔಷಧಿ ಬೇಗ ಬೇಗ ಬಿಟ್ಟುಕೊಳ್ಳುತ್ತದೆ. ಮೆಟ್‌ಫಾರ್ಮಿನ್‌ಗೆ ಹೊಟ್ಟೆ ಕೆಡಿಸುವ ಗುಣ ಮೊದಲೇ ಇದೆ. ಅಮ್ಮ ತಿಂಗಳುಗಟ್ಟಲೆ ಹೊಟ್ಟೆ ತೊಳಸುತ್ತದೆ, ಭೇದಿ ಆಗುತ್ತದೆ ಅನ್ನುತ್ತಿದ್ದಳು. ಮಾತ್ರೆಯೇ ನನಗೆ ಆಗಿಬರಲ್ಲ ಅಂತ ತೀರ್ಮಾನ ಮಾಡಿ ಇನ್ನಷ್ಟು ಬಿಡುತ್ತಿದ್ದಳು. ಬಿಡಲು ಅವಳಿಗೆ ಒಂದು ಒಳ್ಳೆಯ ನೆಪವೂ ಸಿಕ್ಕ ಹಾಗಾಯಿತು.

ಬಿಪಿ ಮಾತ್ರೆಯನ್ನು ತಲೆನೋವು ಬಂದ ದಿನ ಮಾತ್ರ ತೆಗೆದುಕೊಳ್ಳುತ್ತಿದ್ದಳಂತೆ. ಬಿಪಿ ಏರಿದ್ದು ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ, ತಲೆನೋವು ಬಂದು ಹೇಳುವುದಿಲ್ಲ. ಕೊಲೆಸ್ಟ್ರಾಲ್ ಮಾತ್ರೆ ಎಂಟು ತಿಂಗಳಿಂದ ಕೊಂಡೇ ಇರಲಿಲ್ಲ. ತೆಗೆದುಕೊಂಡರೂ ಗೊತ್ತಾಗಲ್ಲ, ಬಿಟ್ಟರೂ ಗೊತ್ತಾಗಲ್ಲ ಅನ್ನುವ ಔಷಧಿ ಮೊದಲು ಚೀಟಿಯಿಂದ ಉದುರುತ್ತದೆ. ಹೃದಯಾಘಾತ, ಲಕ್ವ ತಪ್ಪಿಸಲು ಕೊಡುವುದು ಆ ಎರಡನ್ನೇ. ಗ್ಲುಕೋಮೀಟರ್ ನಮ್ಮ ಮನೆಯಲ್ಲಿ ಇತ್ತು. ಸ್ಟ್ರಿಪ್ ಡಬ್ಬಿ ತೆರೆದು ನೋಡಿದೆ, ಅವಧಿ ಮುಗಿದಿತ್ತು. ಸೂಜಿಯೊಂದನ್ನೇ ಎಷ್ಟು ಸಲ ಬಳಸಿದ್ದಳೋ, ತುದಿ ಮೊಂಡಾಗಿತ್ತು.

ಅಮ್ಮನ ಲೆಕ್ಕ ಎಲ್ಲಿ ತಪ್ಪಿತ್ತು ಅಂದರೆ, ಯಾವ ಮಾತ್ರೆ ಬಿಡಬಹುದು, ಯಾವುದು ಬಿಡಬಾರದು ಅಂತ ಗೊತ್ತಿಲ್ಲದೆ ಕಡಿಮೆ ಮಾಡಿದ್ದಳು, ಮತ್ತೆ ಒಬ್ಬಳೇ ಮಾಡಿದ್ದಳು. ಔಷಧಿ ಗೊತ್ತಿರುವವರು ಜೊತೆಗೆ ಕೂತಿದ್ದರೆ ಅದೇ ದುಡ್ಡಿನಲ್ಲಿ ಬೇರೆಯದೇ ಚೀಟಿ ಬರೆಯಬಹುದಿತ್ತು.

ಅದೇ ವಾರ್ಡಿನಲ್ಲಿ ಎದುರಿನ ಮಂಚದಲ್ಲಿ ಒಬ್ಬ ಹುಡುಗ ಇದ್ದ. 22 ವರ್ಷ. ಟೈಪ್ 1. ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ, ಹೊರಗಿನಿಂದ ಕೊಡಲೇಬೇಕು. ಅವನ ತಾಯಿ ಕಾರಿಡಾರಿನಲ್ಲಿ ನನ್ನ ಜೊತೆ ಕೂತು ಹೇಳಿದರು. ಮೊದಲು ಇನ್ಸುಲಿನ್ ಪೆನ್, ಅಂದರೆ ಪೆನ್ನಿನ ಆಕಾರದ ಚುಚ್ಚುವ ಸಾಧನ ಬಳಸುತ್ತಿದ್ದನಂತೆ. ವಯಸ್ಸು ದಾಟಿತು ಅಂತ ತಂದೆಯ ಇನ್ಶೂರೆನ್ಸ್‌ನಿಂದ ಹೆಸರು ತೆಗೆದರು. ದುಡ್ಡು ಉಳಿಸಲು ಪೆನ್ ಬಿಟ್ಟು ಸೀಸೆಯ ಇನ್ಸುಲಿನ್‌ಗೆ ಬಂದರು. ಪೆನ್‌ನಲ್ಲಿ 1 ಎಂ.ಎಲ್.ಗೆ 100 ಯೂನಿಟ್. ಇವರು ತಂದ ಸೀಸೆಯಲ್ಲಿ 1 ಎಂ.ಎಲ್.ಗೆ 40 ಯೂನಿಟ್. ಸಿರಿಂಜ್ ಮಾತ್ರ 100ರದ್ದು ತಂದಿದ್ದರು. 20ರ ಗೆರೆಯವರೆಗೆ ಎಳೆದರೆ 20 ಯೂನಿಟ್ ಅಂತ ಹುಡುಗ ಅಂದುಕೊಂಡಿದ್ದ. ಆದರೆ 100ರ ಸಿರಿಂಜಿನಲ್ಲಿ ಆ ಗೆರೆ ಅಂದರೆ 0.2 ಎಂ.ಎಲ್., ಹಾಗಾಗಿ ಒಳಗೆ ಹೋಗುತ್ತಿದ್ದದ್ದು 8 ಯೂನಿಟ್. ಅದರ ಮೇಲೆ ಸೀಸೆ ಹೆಚ್ಚು ದಿನ ಬರಲಿ ಅಂತ ಆ 20ರಲ್ಲೂ ಒಂದೆರಡು ಗೆರೆ ಕಡಿಮೆ ಮಾಡುತ್ತಿದ್ದನಂತೆ.

ಐದನೇ ದಿನ ವಾಂತಿ, ಹೊಟ್ಟೆನೋವು, ಏದುಸಿರು. ಇನ್ಸುಲಿನ್ ಇಲ್ಲದಿದ್ದರೆ ದೇಹ ಕೊಬ್ಬನ್ನು ಉರಿಸಲು ಶುರು ಮಾಡುತ್ತದೆ, ಅದರಿಂದ ರಕ್ತ ಆಮ್ಲವಾಗುತ್ತದೆ. ಡಿಕೆಎ ಅನ್ನುತ್ತಾರೆ. ಸಮಯಕ್ಕೆ ತಂದದ್ದಕ್ಕೆ ಬದುಕಿದ. ಟೈಪ್ 2 ಇರುವ ನನ್ನ ಅಮ್ಮ ಎರಡು ವರ್ಷ ಅರ್ಧದಲ್ಲಿ ತಳ್ಳಿದಳು. ಟೈಪ್ 1 ಇರುವವರಿಗೆ ಆ ಎರಡು ವರ್ಷ ಸಿಗುವುದಿಲ್ಲ, ದಿನಗಳೇ ಲೆಕ್ಕ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. 40ರ ಸೀಸೆಗೆ 40ರ ಸಿರಿಂಜ್, 100ಕ್ಕೆ 100. ಕೊಳ್ಳುವಾಗ ಎರಡರ ಮೇಲಿನ ನಂಬರನ್ನೂ ಓದಿ. ಒಂದು ಬಗೆಯ ಇನ್ಸುಲಿನ್‌ನಿಂದ ಇನ್ನೊಂದಕ್ಕೆ ಹೋಗುವುದಿದ್ದರೆ ಡಾಕ್ಟರ್ ಮುಂದೆ ಕೂತೇ ಹೋಗಿ. ಅಗ್ಗದ ಹಳೆಯ ಬಗೆಗೆ ಹೋಗುವುದು ತಪ್ಪೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ, ಇನ್ಸುಲಿನ್ ಬೇಕಾದವರಿಗೆ ಮೊದಲು ಆ ಹಳೆಯ ಹ್ಯೂಮನ್ ಇನ್ಸುಲಿನ್ನೇ ಕೊಡಿ ಅಂದಿದೆ. ಆದರೆ ಅದು ಕೆಲಸ ಶುರು ಮಾಡುವ ಹೊತ್ತು ಬೇರೆ, ಊಟಕ್ಕೆ ಎಷ್ಟು ಮುಂಚೆ ಚುಚ್ಚಬೇಕು ಅನ್ನುವುದೂ ಬೇರೆ.

ಆ ತಾಯಿ ಹೇಳುತ್ತಿದ್ದಾಗ ನನಗೆ ಕೆನಡಾದ ಟೊರಾಂಟೊದ ಕಥೆ ನೆನಪಾಯಿತು. ಇನ್ಸುಲಿನ್ ಕಂಡುಹಿಡಿದದ್ದು ಅಲ್ಲಿ, 1921ರಲ್ಲಿ. 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲು ಕೊಟ್ಟರು. ಮಾರನೇ ವರ್ಷ ಅದರ ಪೇಟೆಂಟನ್ನು ಕಂಡುಹಿಡಿದವರು ಅಲ್ಲಿನ ವಿಶ್ವವಿದ್ಯಾಲಯಕ್ಕೆ ತಲಾ ಬರೀ 1 ಡಾಲರ್‌ಗೆ ಬರೆದುಕೊಟ್ಟರು. ಕಂಡುಹಿಡಿದವರಲ್ಲಿ ಮುಖ್ಯರಾದ ಡಾಕ್ಟರ್ ಬ್ಯಾಂಟಿಂಗ್ ಅಂತೂ ಪೇಟೆಂಟ್‌ನಲ್ಲಿ ತಮ್ಮ ಹೆಸರೇ ಬೇಡ ಅಂತ ಮೊದಲು ಹೇಳಿದ್ದರು. ನೂರು ವರ್ಷ ದಾಟಿದ ಮೇಲೆ ಒಬ್ಬ ಹುಡುಗ ಸಿರಿಂಜಿನ ಗೆರೆ ಎಣಿಸುತ್ತಾ ಕೂತಿದ್ದಾನೆ. ನನಗೆ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಮ್ಮ ಮನೆಗೆ ಬಂದ ಹತ್ತು ದಿನಕ್ಕೆ ಅವಳ ಮಾಮೂಲಿ ಡಾಕ್ಟರ್ ಹತ್ತಿರ ಹೋದೆವು. ಡಬ್ಬಿ, ಕ್ಯಾಲೆಂಡರ್ ಎರಡನ್ನೂ ತಗೊಂಡು ಹೋದೆ. ಅಮ್ಮ ದಾರಿಯುದ್ದಕ್ಕೂ "ಬೇಡ ಕಣೇ, ಬೈತಾರೆ" ಅನ್ನುತ್ತಿದ್ದಳು. ಬೈಸಿಕೊಳ್ಳುವ ಭಯ ಅಷ್ಟೇ ಆಗಿರಲಿಲ್ಲ ಅದು. ದುಡ್ಡಿಲ್ಲ ಅಂತ ಬಾಯಿಬಿಟ್ಟು ಹೇಳುವ ನಾಚಿಕೆ. ಮಗಳು ಪಕ್ಕದಲ್ಲಿ ಕೂತಿರುವಾಗ ಇನ್ನೂ ಜಾಸ್ತಿ.

ಡಾಕ್ಟರ್ ಕ್ಯಾಲೆಂಡರ್ ತಿರುವಿ ನೋಡಿದರು. ತುಂಬ ಹೊತ್ತು ನೋಡಿದರು. ಬೈಯಲಿಲ್ಲ. "ನಾನು ಡೋಸ್ ಏರಿಸುವ ಮುಂಚೆ ಇದನ್ನ ಕೇಳಬೇಕಿತ್ತು" ಅಂದರು. ಆಮೇಲೆ 14 ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದರು. "ಅಮ್ಮಾ, ತಿಂಗಳಿಗೆ ಔಷಧಿಗೆ ಅಂತ ಎಷ್ಟು ತೆಗೆದಿಡೋಕೆ ಆಗುತ್ತೆ? ಅಷ್ಟರಲ್ಲೇ ಬರೆಯೋಣ." ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಮಾರ್ಗಸೂಚಿಯಲ್ಲೂ, ಚಿಕಿತ್ಸೆಗೆ ದುಡ್ಡಿನ ಅಡ್ಡಿ ಇದೆಯಾ ಅಂತ ರೋಗಿಯನ್ನು ಕೇಳಿ ಅನ್ನುವ ಮಾತಿದೆಯಂತೆ. ಅವರೇ ಹೇಳಿದರು.

ಹೊಸ ಚೀಟಿ ಹಳೆಯದರ ಅರ್ಧ ಉದ್ದ ಇತ್ತು. ದುಬಾರಿ ಮಾತ್ರೆ ಹೊಡೆದುಹಾಕಿದರು. ಗ್ಲಿಮೆಪಿರೈಡ್ ಬೆಳಿಗ್ಗೆ ತಿಂಡಿ ಜೊತೆ 1 ಮಿ.ಗ್ರಾಂ ಮಾತ್ರ. ಊಟ ಬಿಟ್ಟ ದಿನ ಇದನ್ನೂ ಬಿಡಿ ಅಂತ ಕೆಂಪು ಪೆನ್ನಿನಲ್ಲಿ ಬರೆದರು. ಮೆಟ್‌ಫಾರ್ಮಿನ್ ಎಸ್‌ಆರ್ ಬದಲು ಸಾದಾ 500, ಊಟದ ಮಧ್ಯೆ ನುಂಗುವುದು, ವಾರವಾರ ನಿಧಾನಕ್ಕೆ ಏರಿಸುವುದು. ಹೊಟ್ಟೆ ಹೊಂದಿಕೊಳ್ಳಲು ಅದೇ ದಾರಿ. ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಎರಡೂ ಉಳಿದವು, ಆದರೆ ಬ್ರ್ಯಾಂಡ್ ಹೆಸರು ತೆಗೆದು ಔಷಧಿಯ ಮೂಲ ಹೆಸರಿನಲ್ಲಿ ಬರೆದರು. ಜನರಿಕ್ ಕೇಳಿ ತಗೊಳ್ಳಿ ಅಂದರು. ಸ್ಟ್ರಿಪ್ ವಾರಕ್ಕೆ ಎರಡೇ ಸಾಕು. ಒಂದು ಖಾಲಿ ಹೊಟ್ಟೆಯಲ್ಲಿ, ಇನ್ನೊಂದು ಊಟ ಆಗಿ ಎರಡು ಗಂಟೆಗೆ. ಮೈ ನಡುಗಿದರೆ, ಬೆವರಿದರೆ ಮಾತ್ರ ಲೆಕ್ಕ ನೋಡದೆ ಚುಚ್ಚಬೇಕು.

"ಯಾವ ತಿಂಗಳಾದರೂ ಕೈ ಬಿಗಿ ಆದರೆ ನೀವೇ ಬ್ಲೇಡ್ ಹಿಡೀಬೇಡಿ, ಫೋನ್ ಮಾಡಿ" ಅಂದರು. ಇದು ಚಿಕ್ಕ ಮಾತು. ಅಮ್ಮನ ಮುಖ ಸಡಿಲವಾದದ್ದು ಆ ಮಾತಿಗೆ.

ಅರ್ಧ ಮಾತ್ರೆಯಿಂದ ಎರಡು ವರ್ಷದಲ್ಲಿ ಎಷ್ಟು ಹಾಳಾಯಿತು ಅಂತ ನಾನು ಹೆದರಿಕೊಂಡೇ ಕೇಳಿದೆ. ಕಣ್ಣಿನ ಹಿಂಭಾಗ ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ನೋಡಿಸಿ, ಪಾದ ನಾನೇ ನೋಡುತ್ತೇನೆ ಅಂದರು. ಅವರು ಬ್ರಿಟನ್‌ನ ಒಂದು ಅಧ್ಯಯನದ ಬಗ್ಗೆ ಹೇಳಿದರು. ಯುಕೆಪಿಡಿಎಸ್ ಅಂತ ಹೆಸರು. 1977ರಲ್ಲಿ ಶುರುವಾದದ್ದು, 1998ರಲ್ಲಿ ಫಲಿತಾಂಶ ಬಂತು. ಹೊಸದಾಗಿ ಶುಗರ್ ಬಂದ 5,000ಕ್ಕೂ ಹೆಚ್ಚು ಜನ ಇದ್ದರು. ಒಂದು ಗುಂಪಿನ ಎಚ್‌ಬಿಎ1ಸಿ 7.9, ಇನ್ನೊಂದರದ್ದು 7.0. ವ್ಯತ್ಯಾಸ 1 ಕೂಡ ಇಲ್ಲ. ಅಷ್ಟಕ್ಕೇ ಕಣ್ಣು, ಕಿಡ್ನಿಯಂಥ ಕಡೆ ಸಣ್ಣ ರಕ್ತನಾಳಗಳಿಗೆ ಆಗುವ ಹಾನಿ ಶೇ. 25ರಷ್ಟು ಕಡಿಮೆಯಾಯಿತು. ಆ ಅಧ್ಯಯನದಲ್ಲಿ ಬಳಸಿದ್ದು ಹಳೆಯ ಕಾಲದ ಔಷಧಿಗಳನ್ನೇ, ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜಾತಿಯ ಮಾತ್ರೆ, ಇನ್ಸುಲಿನ್. "ದುಬಾರಿ ಔಷಧಿ ಇಲ್ಲ ಅಂತ ಕೊರಗಬೇಡಿ. ಇರೋದನ್ನ ದಿನಾ ತಗೊಳ್ಳಿ" ಅಂದರು. ಹೊಸ ಔಷಧಿಗಳಿಂದ ಕೆಲವರಿಗೆ ಹೃದಯಕ್ಕೆ, ಕಿಡ್ನಿಗೆ ಹೆಚ್ಚಿನ ಲಾಭ ಇದೆ, ಅದನ್ನೂ ಮುಚ್ಚಿಡಲಿಲ್ಲ. ಅಮ್ಮನಿಗೆ ಬೇಕಾದಾಗ ಹೇಳುತ್ತೇನೆ, ಆಗ ದಾರಿ ಹುಡುಕೋಣ ಅಂದರು. ಕಣ್ಣಿನ ಹಿಂಭಾಗದಲ್ಲಿ ಸಣ್ಣ ಕಲೆಗಳು ಕಂಡವು. ಆರು ತಿಂಗಳಿಗೊಮ್ಮೆ ತೋರಿಸಬೇಕು.

ನಿಮ್ಮ ಮನೆಯಲ್ಲಿ ಶುಗರ್ ಇರುವವರು ಇದ್ದರೆ, ಇನ್ಶೂರೆನ್ಸ್ ಇಲ್ಲದಿದ್ದರೆ ಅಥವಾ ಈಚೆಗೆ ನಿಂತಿದ್ದರೆ, ಇವತ್ತು ಸಂಜೆ ಮಾತ್ರೆ ಕೊಂಡ ಬಿಲ್ ಮತ್ತು ಉಳಿದ ಮಾತ್ರೆ ಎರಡನ್ನೂ ಎದುರಿಗೆ ಇಟ್ಟುಕೊಂಡು ಎಣಿಸಿ. 30 ದಿನಕ್ಕೆ ತಂದ ಮಾತ್ರೆ 45ನೇ ದಿನ ಇನ್ನೂ ಉಳಿದಿದ್ದರೆ ಕೇಳಿ. "ಮಾತ್ರೆ ಸರಿಯಾಗಿ ತಗೊಳ್ತೀಯಾ?" ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ "ಹೂಂ" ಅಂತಲೇ ಹೇಳುತ್ತಾರೆ. "ಕಳೆದ ಎರಡು ವಾರದಲ್ಲಿ ಎಷ್ಟು ದಿನ ತಪ್ಪಿತು?" ಅಂತ ಕೇಳಿ. ತಪ್ಪಿರುವುದು ಸಹಜ ಅನ್ನುವ ಧಾಟಿಯಲ್ಲಿ ಕೇಳಿದರೆ ನಿಜ ಹೊರಗೆ ಬರುತ್ತದೆ. ನಾನು ಎರಡು ವರ್ಷ ತಪ್ಪು ಪ್ರಶ್ನೆ ಕೇಳಿದೆ.

ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮಾಡಿಸಿದೆವು. 7.8. ರಿಪೋರ್ಟ್ ಹಿಡಿದುಕೊಂಡು ಒಳಗೆ ಹೋದಾಗ ಡಾಕ್ಟರ್ ಮೊದಲು ರಿಪೋರ್ಟ್ ಕೇಳಲಿಲ್ಲ. "ಎಷ್ಟು ದಿನ ತಪ್ಪಿತು ಅಮ್ಮಾ?" ಅಂದರು. ಅಮ್ಮ ಬ್ಯಾಗಿನಿಂದ ಆ ಪಾಕೆಟ್ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಅವರ ಕಡೆ ತಿರುಗಿಸಿ ಇಟ್ಟಳು. "ಈ ತಿಂಗಳು ಐದು ದಿನ. ಎರಡು ದಿನ ನಿಜವಾಗ್ಲೂ ಮರೆತೆ. ಮೂರು ದಿನ ದುಡ್ಡಿರಲಿಲ್ಲ" ಅಂದಳು. ಡಾಕ್ಟರ್ ಆ ಮೂರು ಚುಕ್ಕೆಗಳ ಪಕ್ಕದಲ್ಲಿ ಪೆನ್ ಇಟ್ಟು, "ಇದಕ್ಕೆ ಏನು ಮಾಡೋಣ ಹೇಳಿ" ಅಂತ ಕುರ್ಚಿ ಮುಂದಕ್ಕೆ ಎಳೆದುಕೊಂಡರು.